ಸನ್ಮಾನದ ಎರಡನೇ ಕುರ್ಚಿ

ವೈಯಾಲಿಕಾವಲ್
12 ನವೆಂಬರ್ 2003

ಅನಿಲ್ ಕುಮಾರ್ ಅವರಿಗೆ ನಮಸ್ಕಾರ.

ಗಂಡನ ಹೆಸರು ಹಿಡಿದು ಬರೆದಳೆಂದು ಬೇಸರಿಸಬೇಡಿ. ಏಳು ವರ್ಷ ಅಣ್ಣನ ಮನೆಯಲ್ಲಿದ್ದು, ಈಗ ‘ರೀ’ ಎಂದು ಶುರುಮಾಡಲು ಕೈ ಬರಲಿಲ್ಲ.

ನಿನ್ನೆ ನಿಮ್ಮ ಚಾಮರಾಜಪೇಟೆಯ ನಾಗರಿಕ ಸಮಿತಿಯ ಶೀನಣ್ಣ ಬಂದಿದ್ದರು. ಭಾನುವಾರದ ಸಭೆಯ ಆಹ್ವಾನ ಪತ್ರಿಕೆಯಲ್ಲಿ ‘ಅನಿಲ್ ಕುಮಾರ್ ದಂಪತಿಗಳಿಗೆ ಸನ್ಮಾನ’ ಎಂದು ಅಚ್ಚು ಹಾಕಿಸಿಬಿಟ್ಟಿದ್ದಾರೆ. ನಾವು ಬೇರೆ ಇರುವುದು ಗೊತ್ತಿಲ್ಲವೇ ಎಂದೆ. ಗೊತ್ತು ತಾಯಿ, ಆದರೆ ನಮ್ಮಲ್ಲಿ ಶಾಲು ಹೊದಿಸೋದು ಜೋಡಿಗೇ, ಒಂದು ಕುರ್ಚಿ ಖಾಲಿ ಬಿಟ್ಟರೆ ಸಭೆಯ ಕಣ್ಣೆಲ್ಲ ಅದರ ಮೇಲೇ ಇರುತ್ತೆ ಎಂದರು. ಬರುವುದಿಲ್ಲ ಎಂದೆ. ಕಾಫಿ ಕುಡಿದು ಎದ್ದು ಹೋದರು.

ನಿಮ್ಮ ಹಾರ ತುರಾಯಿ ಕಂಡು ನನಗೆ ಹೊಟ್ಟೆಕಿಚ್ಚಿಲ್ಲ. ಪಂಪ್‌ಸೆಟ್ ಕಂಪನಿಯ ಎಂ.ಡಿ. ಆಗಿಯೂ, ಹೆಣ ಹೊರಲು ಜನವಿಲ್ಲದ ಮನೆಗೆ ಪ್ಯಾಂಟು ಮಡಿಸಿಕೊಂಡು ಓಡುವವರು ಇನ್ಯಾರಿದ್ದಾರೆ? ಆದರೆ ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬುದನ್ನು ಬಿನ್ನವತ್ತಳೆಯಲ್ಲಿ ಬರೆಯುವುದಿಲ್ಲವಲ್ಲ. ನಮ್ಮಪ್ಪ ಹೋದ ದಿನ ನೀವು ಮಾವಳ್ಳಿಯಲ್ಲಿ ಯಾರದೋ ಚಟ್ಟಕ್ಕೆ ಹೆಗಲು ಕೊಟ್ಟು, ಇಲ್ಲಿ ಎಲ್ಲ ಮುಗಿದ ಮೇಲೆ ಬಂದಿರಿ. ಅಪ್ಪನನ್ನು ಹೊರಲು ಬೀದಿ ತುಂಬ ಜನವಿತ್ತು. ನನಗೆ ಬೇಕಾಗಿದ್ದವರು ನೀವು. ಇನ್ನು ಈ ಹೊಸಿಲು ತುಳಿಯಬೇಡಿ ಎಂದು ಅಣ್ಣ ಅಂದೇ ನಿಮಗೆ ಹೇಳಿದ. ನಾನು ತಡೆಯಲಿಲ್ಲ, ಇಲ್ಲೇ ಉಳಿದುಬಿಟ್ಟೆ.

ಶೀನಣ್ಣ ಅಷ್ಟಕ್ಕೇ ಬಿಡುವ ಆಸಾಮಿಯಲ್ಲ. ಇವತ್ತು ಬೆಳಿಗ್ಗೆ ಮಾವಳ್ಳಿಯ ಭಾಗೀರಥಮ್ಮನವರನ್ನು ಆಟೋದಲ್ಲಿ ಕಳಿಸಿದ್ದರು. ಆ ದಿನ ನೀವು ಹೊತ್ತದ್ದು ಅವರ ಯಜಮಾನರನ್ನಂತೆ. ಮಕ್ಕಳಿಲ್ಲ, ನೆಂಟರು ಬಂದಿರಲಿಲ್ಲ. ಪಕ್ಕದ ಮನೆಯ ಇಬ್ಬರು, ಹಾಲಿನವರೊಬ್ಬರು, ನೀವು, ಸರಿಯಾಗಿ ನಾಲ್ಕೇ ಜನ. ನಿಮ್ಮ ಆಫೀಸಿನವರು ಕೊಟ್ಟ ನಂಬರು ಹಿಡಿದು ನಾನು ಅವರ ಮನೆಯ ಎದುರಂಗಡಿಗೆ ಫೋನು ಮಾಡಿದ ಮೇಲೆ ನೀವು ಹೊರಟು ಚಪ್ಪಲಿಯನ್ನೂ ಮೆಟ್ಟಿದ್ದಿರಂತೆ. ಉಳಿದ ಮೂವರ ಮುಖ ನೋಡಿ ಬಿಚ್ಚಿಟ್ಟು ಒಳಗೆ ಬಂದಿರಂತೆ. ನಾನಾದರೂ ಹೋಗಪ್ಪಾ ಅನ್ನಬೇಕಿತ್ತು ಎಂದು ಆಕೆ ನನ್ನ ಕೈ ಹಿಡಿದು ಅತ್ತರು. ನಿಮ್ಮ ತಂದೆ ತೀರಿಕೊಂಡಿದ್ದು ಅಲ್ಲಿ ಯಾರಿಗೂ ಗೊತ್ತಾಗಲಿಲ್ಲ ತಾಯಿ ಎಂದರು. ನಾನು ತಲೆಯೆತ್ತಲಿಲ್ಲ.

ನಾಲ್ಕನೆಯವರು ನೀವೇ ಆಗಿದ್ದಿರೆಂದು ನನಗೇಕೆ ಹೇಳಲಿಲ್ಲ? ಹೇಳಿದ್ದರೆ ಎರಡು ದಿನ ಜಗಳವಾಡಿ ಸರಿಹೋಗುತ್ತಿದ್ದೆ. ಸಿಟ್ಟು ಇನ್ನೂ ಇದೆ. ನಿಮ್ಮನ್ನು ನೋಡಬೇಕೆಂಬ ಆಸೆ ಅದಕ್ಕಿಂತ ಜಾಸ್ತಿ ಇದೆ.

ಭಾನುವಾರ ಬಂದು ಆ ಕುರ್ಚಿಯಲ್ಲಿ ಕೂರುತ್ತೇನೆ. ಬೇಡವೆಂದರೆ ಶೀನಣ್ಣನ ಕೈಲಿ ಒಂದು ಮಾತು ಹೇಳಿ ಕಳಿಸಿ.

ಇಂತಿ,
ನಿಮ್ಮ
ಮಾಧವಿ

ವಿ.ಸೂ.: ಲಕೋಟೆ ಅಂಟಿಸುವ ಮುಂಚೆ ಇದನ್ನೂ ಬರೆಯಬೇಕು. ಆ ದಿನ ಫೋನಿನಲ್ಲಿ ನಾನು ಅಪ್ಪ ಹೋದರು ಎನ್ನಲಿಲ್ಲ. ಇಂಥ ದಿನವೂ ಬೇರೆಯವರ ಮನೆಯಲ್ಲಿದ್ದೀರೆಂಬ ರೋಷಕ್ಕೆ, ಅಪ್ಪನಿಗೆ ಹುಷಾರಿಲ್ಲ, ಬಿಡುವಾದರೆ ಬನ್ನಿ ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. ಬರುತ್ತೀರೋ ಇಲ್ಲವೋ ನೋಡಬೇಕಿತ್ತು ನನಗೆ. ಅಣ್ಣನಿಗೆ ಮಾತ್ರ, ವಿಷಯ ತಿಳಿಸಿದರೂ ಬರಲಿಲ್ಲ ಎಂದೆ. ಅವನು ಅಷ್ಟು ಜನರೆದುರು ಬೈದಾಗಲೂ ನೀವು ನನ್ನನ್ನು ಬಿಟ್ಟುಕೊಡಲಿಲ್ಲ. ಇವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಅವನಿಗೆ ನಾನೇ ಎಲ್ಲ ಹೇಳಿದೆ. ಅರ್ಧ ಊಟಕ್ಕೇ ಎದ್ದು ಹೋದ. ಸಂಜೆ ಬಂದವನು, ಭಾನುವಾರ ಸಭೆಗೆ ಮುಂಚೆ ನಾವು ಭಾವನವರ ಮನೆಗೆ ಎಷ್ಟು ಹೊತ್ತಿಗೆ ಹೊರಡಬೇಕು ಎಂದು ಕೇಳಿದ.