ನೀವು ಕಳಿಸಿದ ಡ್ರೋನಿನೊಳಗಿನ ಹುಡುಗಿ

ಡ್ರೋನ್ ಕಂಪನಿಯ ವಾರಂಟಿ ವಿಭಾಗದ ಮುಖ್ಯಸ್ಥರೇ,

ನನ್ನ ಕೆಟ್ಟ ಡ್ರೋನಿಗೆ ಬದಲಾಗಿ ನೀವು ‘ಹೊಚ್ಚಹೊಸದು’ ಎಂದು ಕಳಿಸಿದ ಡ್ರೋನಿನೊಳಗೆ ಯಾರದೋ ಮಗು ಇದೆ. ಅದು ಬದುಕಿದೆಯೋ ಇಲ್ಲವೋ ನನಗೆ ತಿಳಿಯಬೇಕು. ನಿಮ್ಮೊಬ್ಬರನ್ನೇ ಕೇಳಿ ಕೇಳಿ ಸಾಕಾಗಿ ಈಗ ಎಲ್ಲರೆದುರು ಕೇಳುತ್ತಿದ್ದೇನೆ. ಅರ್ಧಕ್ಕೇ ಶಾಲೆ ಬಿಟ್ಟವಳು ನಾನು. ತಪ್ಪಿದ್ದರೆ ತಿದ್ದಿಕೊಂಡು ಓದಿ, ಆದರೆ ಓದಿ.

ಕುಮಾಸಿ ನಗರದ ಪಕ್ಕದ ಎಜಿಸು ಎಂಬ ಊರಿನಲ್ಲಿ ಶವಸಂಸ್ಕಾರಗಳ ವಿಡಿಯೊ ತೆಗೆಯುವುದು ನನ್ನ ಕೆಲಸ. ಕೆಂಪು ಕಪ್ಪು ಬಟ್ಟೆ ಉಟ್ಟ ಇಡೀ ಬಳಗ ಮೇಲಿನಿಂದ ಕಾಣದಿದ್ದರೆ ಈಗ ನಮ್ಮಲ್ಲಿ ಸತ್ತವರಿಗೆ ಮರ್ಯಾದೆಯಿಲ್ಲ. ನನ್ನ ಮೊದಲ ಡ್ರೋನ್ ಇಳಿಯುವಾಗ, ಇನ್ನೇನು ನೆಲ ಮುಟ್ಟಬೇಕು ಅನ್ನುವಷ್ಟರಲ್ಲಿ ಪಕ್ಕಕ್ಕೆ ನುಗ್ಗುತ್ತಿತ್ತು. ‘ಹಾರಿಸುವವರ ತಪ್ಪು’ ಎಂದಿರಿ. ಎಷ್ಟೋ ಪತ್ರಗಳಾದ ಮೇಲೆ ದೊಡ್ಡ ಮನಸ್ಸು ಮಾಡಿ ಇದನ್ನು ಕಳಿಸಿದಿರಿ.

ತೆರೆದು ನೋಡಿದರೆ ಮೆಮೊರಿಯಲ್ಲಿ ಒಂದು ವಿಡಿಯೊ. ಯಾವುದೋ ಮನೆಯ ಅಂಗಳ. ಹಳದಿ ಫ್ರಾಕಿನ ಹುಡುಗಿ ಎರಡೂ ಕೈ ಎತ್ತಿ ಓಡಿ ಬರುತ್ತಾಳೆ. ಚಿತ್ರ ಪಕ್ಕಕ್ಕೆ ನುಗ್ಗುತ್ತದೆ. ಅವಳ ಬಾಯಿ ತೆರೆದಿದೆ. ಆಮೇಲೆ ಆಕಾಶ, ಅಷ್ಟೆ. ನಿಮ್ಮ ಡ್ರೋನಿಗೆ ಕಣ್ಣುಂಟು, ಕಿವಿಯಿಲ್ಲ. ಅವಳು ನಕ್ಕಳೋ, ಕಿರುಚಿದಳೋ? ಹಿತ್ತಲಲ್ಲಿ ಬಾಳೆಗಿಡದ ಪಕ್ಕ ನಾನೇ ಇಳಿಸಿ ನೋಡಿದೆ. ಹಾಗೆಯೇ ನುಗ್ಗಿತು. ತಿರುಗುವ ರೆಕ್ಕೆಗೆ ಸಿಕ್ಕಿ ಎಲೆ ಚಿಂದಿಯಾಯಿತು.

ನನ್ನ ಗಂಡ ಅದುಸೆ ಫುಫು ಮುದ್ದೆ ನುಂಗುತ್ತ ಹೇಳಿದ:

“ಯಾರ ಮಗುವೋ ಏನೋ, ಬಿಡೇ! ಶನಿವಾರ ಕೆಲ್ಸ ಇದೆ, ಹಾರ್ಸು.”

“ಅಲ್ಲೂ ಮಕ್ಳು ಕೈ ಎತ್ಕೊಂಡು ಓಡಿ ಬರ್ತಾವಲ್ಲೋ?”

“ನಿಂಗೆ ಎಲ್ಲಿ ನೋಡಿದ್ರೂ ಹೆಣಾನೇ ಕಾಣೋದು.”

“ನೀನು ನುಂಗ್ತಿರೋದು ಮತ್ಯಾರ ಪುಣ್ಯ? ಹೆಣದ್ದೇ!”

ಶನಿವಾರ ಬರೀ ಕೈಕ್ಯಾಮೆರಾ ಹಿಡಿದು ಹೋದೆ. ತೀರಿಕೊಂಡಾಕೆಯ ಮಗಳು ನೆಂಟರ ಮುಂದೆಯೇ, “ಏನೇ ಸಪೋಮಾ, ನಿನ್ನ ಹಕ್ಕಿ ಎಲ್ಲೇ? ನಮ್ಮವ್ವನ್ನ ಗತಿ ಇಲ್ದೋರ ಥರ ಕಳಿಸ್ಬೇಕಾ?” ಎಂದಳು. ಮಕ್ಕಳೆಲ್ಲ ಆಕಾಶ ನೋಡುತ್ತಿದ್ದರು. ನಾನು ಅವರ ಬೆರಳುಗಳನ್ನೇ ನೋಡುತ್ತಿದ್ದೆ.

ಇಷ್ಟಕ್ಕೆ ನಿಮ್ಮ ವಿಭಾಗದ ಉತ್ತರವೇನು? ‘ವಿಡಿಯೊವನ್ನು ಅಳಿಸಿರಿ, ವಾರಂಟಿಗೆ ಧಕ್ಕೆಯಿಲ್ಲ.’ ಎಂಥ ಉದಾರತೆ! ವಾರಂಟಿಗೆ ಧಕ್ಕೆಯಿಲ್ಲ, ಸರಿ, ಮಗುವಿಗೆ? ಹಿಂದಿನ ಮಾಲೀಕರ ಗುಟ್ಟು ಹೇಳಲಾಗದು ಎಂದೂ ಬರೆದಿದ್ದೀರಿ. ಗುಟ್ಟನ್ನು ಪೆಟ್ಟಿಗೆಯಲ್ಲಿ ತುಂಬಿ ನನ್ನ ಮನೆಗೆ ಕಳಿಸಿದವರು ಯಾರು ಸ್ವಾಮಿ? ಈಗ ಫ್ಯಾನಿನ ಸದ್ದಾದರೂ ಅವಳು ಓಡಿ ಬರುತ್ತಾಳೆ. ಸಾರಿಗೆ ಉಪ್ಪು ಹಾಕುವಾಗ, ಬಟ್ಟೆ ಹಿಂಡುವಾಗ, “ಬೇಡ ಕಂದ, ಹಿಂದೆ ಹೋಗು” ಎಂದು ನಾನು ಗಟ್ಟಿಯಾಗಿಯೇ ಹೇಳಿಬಿಡುತ್ತೇನೆ.

ನನಗೆ ಇನ್ನೊಂದು ಡ್ರೋನ್ ಬೇಡ. ಇದರ ಹೊಟ್ಟೆಯ ಮೇಲಿನ ನಂಬರು ನಿಮ್ಮಲ್ಲಿದೆ. ಆ ಮನೆಗೆ ಫೋನ್ ಮಾಡಿ. ಹೆಸರು ಬೇಡ, ಊರು ಬೇಡ. ಹುಡುಗಿ ಹೇಗಿದ್ದಾಳೆ ಎಂದು ಕೇಳಿ, ನನಗೆ ತಿಳಿಸಿ. ನುಗ್ಗುವ ಯಂತ್ರಗಳನ್ನು ಒರೆಸಿ ಇನ್ನೊಬ್ಬರ ಅಂಗಳಕ್ಕೆ ಕಳಿಸುವುದನ್ನು ಇವತ್ತೇ ನಿಲ್ಲಿಸಿ. ಕೆಟ್ಟ ಸುದ್ದಿಯಾದರೂ ಮುಚ್ಚಿಡಬೇಡಿ. ಅಳುವವರ ನಡುವೆ ನಿಂತು ದುಡಿಯುವವಳು ನಾನು, ಅವಳಿಗಾಗಿಯೂ ಅಳಬಲ್ಲೆ. ಅಳಬೇಕೋ ಬೇಡವೋ ಅಷ್ಟನ್ನು ಹೇಳಿ.

ಇಂತಿ,
ವಾರಂಟಿ ಇನ್ನೂ ಮುಗಿಯದ ನಿಮ್ಮ ಗ್ರಾಹಕಿ,
ಅಕುವಾ ಸಪೋಮಾ, ಎಜಿಸು