ನಲವತ್ತೊಂದು ಬಟ್ಟೆ ತುಂಡುಗಳು ಕೊಳಕಾಗಿದ್ದವು ಎಂಬ ಬಗ್ಗೆ

ಅನುಮತಿ ಪ್ರಾಧಿಕಾರದ ಅಧ್ಯಕ್ಷರಿಗೆ

ಮಾನ್ಯರೇ,

ನಮ್ಮ ಹಳ್ಳದ ನೀರು ಕೊಳಕಾಗಿದೆ ಎಂದು ತೋರಿಸಲು ನಾವು ನಿಮಗೆ ನಲವತ್ತೊಂದು ಬಟ್ಟೆ ತುಂಡುಗಳನ್ನು ಸಲ್ಲಿಸಿದೆವು. ತುಂಡುಗಳು ಕೊಳಕಾಗಿವೆ ಎಂಬ ಕಾರಣಕ್ಕೆ ನೀವು ಅವನ್ನು ಹಿಂದಿರುಗಿಸಿದಿರಿ. ನಮ್ಮ ವಾದವನ್ನು ನಮ್ಮ ವಕೀಲರೂ ಇಷ್ಟು ಚೆನ್ನಾಗಿ ಮಂಡಿಸಿರಲಿಲ್ಲ. ಆದ್ದರಿಂದ ಮೊದಲು ಕೃತಜ್ಞತೆ.

ಪರಿಸರದ ಮೊಕದ್ದಮೆಗಳನ್ನು ಸಾರ್ವಜನಿಕರ ಪರವಾಗಿ ನಡೆಸುವ ಒಂದು ಸಣ್ಣ ಕಾನೂನು ಸಂಸ್ಥೆಯಲ್ಲಿ ನಾನು ಗುಮಾಸ್ತ. ಕನ್ನಡಕದ ಅಂಗಡಿಯ ಮೇಲೆ ಎರಡು ಕೋಣೆ, ಮೂವರು ವಕೀಲರು, ಬಾಗಿಲು ಸರಿಯಾಗಿ ಮುಚ್ಚದ ಒಂದು ಕಪಾಟು. ಜನ ತಂದುಕೊಟ್ಟದ್ದನ್ನು ಅನುಬಂಧಗಳನ್ನಾಗಿ ಮಾಡುವುದು ಹದಿನೆಂಟು ವರ್ಷಗಳಿಂದ ನನ್ನ ಕೆಲಸ. ಸತ್ತ ಮೀನಿನ ಫೋಟೊ, ಕೆಮ್ಮಿಗೆ ಬರೆದುಕೊಟ್ಟ ಔಷಧಿ ಚೀಟಿ, ಒಣಗಿದ ಬಾವಿಯ ನಕ್ಷೆ, ಎಲ್ಲಕ್ಕೂ ಪುಟಸಂಖ್ಯೆ ಹಾಕುತ್ತೇನೆ. ಸಂಖ್ಯೆ ಬಿದ್ದ ಕೂಡಲೇ ಎಂಥ ಸಂಕಟವೂ ಸ್ವಲ್ಪ ದೂರ ಸರಿದು ನಿಲ್ಲುತ್ತದೆ. ಇದು ಈ ಕಸುಬಿನ ಅನುಕೂಲ. ನಿಮಗೂ ಅದರ ಪರಿಚಯ ಇದ್ದೀತು.

ಈ ಸಲ ಸಂಖ್ಯೆ ಬಿದ್ದದ್ದು ನನ್ನ ಚಿಕ್ಕಮ್ಮನಿಗೆ. ಅವಳು ಹಳ್ಳದ ದಂಡೆಯಲ್ಲಿದ್ದುಕೊಂಡು ಹೆರಿಗೆ ಆಸ್ಪತ್ರೆಯ ಬಟ್ಟೆ ಒಗೆಯುತ್ತಾಳೆ. ಮೇಲುಗಡೆ ನೂಲಿಗೆ ಬಣ್ಣ ಹಾಕುವ ಕಾರ್ಖಾನೆ ಬಂದಮೇಲೆ ಕೂಸುಗಳ ಹಾಸುಬಟ್ಟೆ ಒಂದು ವಾರ ನಸುನೀಲಿ, ಇನ್ನೊಂದು ವಾರ ತುಕ್ಕಿನ ಬಣ್ಣ. ಆಸ್ಪತ್ರೆಯ ಮೇಲ್ವಿಚಾರಕಿ ಒಳ್ಳೆಯ ಹೆಂಗಸು. “ನಿಮ್ಮ ಕೈ ಮೇಲೆ ದೂರಿಲ್ಲಮ್ಮ, ಬಣ್ಣದ ಮೇಲೆ ದೂರು. ಇನ್ನೊಂದು ತಿಂಗಳು ನೋಡ್ತೀನಿ, ಆಮೇಲೆ ನನ್ನ ಕೈಲೂ ಇರಲ್ಲ” ಎಂದಿದ್ದಾಳೆ. ಆ ಒಂದು ತಿಂಗಳಲ್ಲಿ ಈಗ ಹನ್ನೆರಡು ದಿನ ಉಳಿದಿದೆ. ಕಾರ್ಖಾನೆಯ ಅನುಮತಿಯನ್ನು ಇನ್ನೈದು ವರ್ಷಕ್ಕೆ ನವೀಕರಿಸಲು ನೀವು ಸಭೆ ಸೇರುವುದು ಹದಿನೈದನೇ ತಾರೀಕು, ಅಂದರೆ ಅದಕ್ಕೂ ಮೊದಲು.

ನಿಮ್ಮ ತನಿಖಾಧಿಕಾರಿ ಬರಲಿಲ್ಲ ಎಂದು ಹೇಳುವಷ್ಟು ಕೃತಘ್ನ ನಾನಲ್ಲ. ಬಂದಿದ್ದರು. ಬೀಗರ ಮನೆಗೆ ಹೇಳಿ ಕಳಿಸುವಂತೆ ಒಂದು ವಾರ ಮುಂಚೆ ಕಾರ್ಖಾನೆಗೆ ಹೇಳಿ ಕಳಿಸಿ, ಅದರ ವಾರದ ರಜೆಯ ದಿನವೇ ಬಂದರು. ಬಾಟಲಿಯಲ್ಲಿ ತುಂಬಿಕೊಂಡು ಹೋದ ನೀರು ಕನ್ನಡಿಯ ಹಾಗಿತ್ತು. ರಜೆ ಎಂದರೆ ಯಾರಿಗೆ ತಾನೇ ಮುಖ ತಿಳಿಯಾಗುವುದಿಲ್ಲ?

ಚಿಕ್ಕಮ್ಮನ ತನಿಖೆಯ ವಿಧಾನ ಬೇರೆ. ಪ್ರತಿ ಸೋಮವಾರ ಅಂಗೈ ಅಗಲದ ಬಿಳಿ ಬಟ್ಟೆಯೊಂದನ್ನು ಕಲ್ಲಿಗೆ ಕಟ್ಟಿ ಹಳ್ಳಕ್ಕೆ ಬಿಡುತ್ತಾಳೆ. ಮೊದಲ ಗಂಟು ಒಗೆದು ಮುಗಿಯುವ ಹೊತ್ತಿಗೆ ತೆಗೆದು ಒಣಗಿಸಿ, ಮೂಲೆಯಲ್ಲಿ ತಾರೀಕು ಬರೆಯುತ್ತಾಳೆ. ಯಾರ ಬಟ್ಟೆ ಯಾರದೆಂದು ತಿಳಿಯಲು ಒಗೆಯುವವರು ಹಾಕುವ, ಎಷ್ಟು ತೊಳೆದರೂ ಹೋಗದ ಶಾಯಿ ಅದು. ಹೀಗೆ ನಲವತ್ತೊಂದು ಸೋಮವಾರ. ನಾನು ಸಂಖ್ಯೆ ಹಾಕಿ ಸಲ್ಲಿಸಿದೆ. ನಿಮ್ಮ ಟಿಪ್ಪಣಿ ಬಂತು: “ಅನುಬಂಧಗಳು ಕಲೆಯಾಗಿವೆ. ಏಳು ದಿನದೊಳಗೆ ಸ್ವಚ್ಛ ಪ್ರತಿಗಳನ್ನು ಸಲ್ಲಿಸತಕ್ಕದ್ದು.”

ಒಂದು ತಪ್ಪೊಪ್ಪಿಗೆ. ಟಿಪ್ಪಣಿ ಓದಿದಾಗ ನನಗೆ ಸಿಟ್ಟು ಬರಲಿಲ್ಲ. ನಿಯಮದ ಪ್ರಕಾರ ಸರಿಯಾಗಿಯೇ ಇದೆ ಅನ್ನಿಸಿತು. ಹಾಗೆ ಅನ್ನಿಸಿದ್ದು ಗಮನಕ್ಕೆ ಬಂದದ್ದು ಚಿಕ್ಕಮ್ಮನ ಬಾಗಿಲಲ್ಲಿ ಚಪ್ಪಲಿ ಬಿಡುವಾಗ. ಫೋಟೊ ಪ್ರತಿ ಮಾಡಿಸುವ ಮೊದಲು ಕಲೆಯ ನಡುವೆ ಎದ್ದು ಕಾಣದ ತಾರೀಕುಗಳ ಮೇಲೆ ಅವಳಿಂದ ಇನ್ನೊಮ್ಮೆ ಶಾಯಿ ಎಳೆಸೋಣವೆಂದು ಕಟ್ಟನ್ನು ಒಯ್ದಿದ್ದೆ.

“ಏನಂತೋ ಅವರದ್ದು?”

“ಕಲೆ ಇದೆಯಂತೆ ಚಿಕ್ಕಮ್ಮ. ಸ್ವಚ್ಛವಾಗಿರೋದು ಬೇಕಂತೆ.”

ಅವಳ ಮುಖ ಸಣ್ಣದಾಯಿತು. “ಮೂವತ್ತು ವರ್ಷ ಆಯ್ತು ಕಣೋ. ಕಲೆ ಇದೆ ಅಂತ ಒಂದು ಕರವಸ್ತ್ರ ವಾಪಸ್ ಬಂದಿಲ್ಲ ನನಗೆ. ಈ ಮಹರಾಯ ಯಾರಪ್ಪ ಕಳಿಸಿದೋನು?”

ಸ್ವಚ್ಛ ಪ್ರತಿ ಎಂದರೆ ಸ್ಪಷ್ಟವಾಗಿ ಓದಲು ಬರುವ ಫೋಟೊ ಪ್ರತಿ ಎಂದು ನಾನು ಅಲ್ಲೇ ಬಿಡಿಸಿ ಹೇಳಬೇಕಿತ್ತು. ದಿನವೂ ಬಳಸುವ ಮಾತಿಗೆ ಬೇರೆ ಅರ್ಥ ಇರಬಹುದೆಂದು ಗುಮಾಸ್ತನಿಗೆ ಹೊಳೆಯುವುದಿಲ್ಲ. ಕಟ್ಟನ್ನು ಅವಳಿಗೆ ಕೊಟ್ಟು ಬಂದೆ. ಮರುದಿನ ಹೋದರೆ ನಲವತ್ತೊಂದು ತುಂಡುಗಳೂ ಹಗ್ಗದ ಮೇಲೆ ತಾರೀಕಿನ ಪ್ರಕಾರ ಸಾಲಾಗಿ ಒಣಗುತ್ತಿದ್ದವು. ಚಿಕ್ಕಮ್ಮ ಸೋತವಳ ಹಾಗೆ ಕೂತಿದ್ದಳು.

“ನಲ್ಲಿ ನೀರು ಹಿಡಿದು, ಸೋಡ ಹಾಕಿ ಮೂರು ಸಲ ಕುದಿಸಿದೆ ಕಣೋ. ನಿಂಬೆಹಣ್ಣೂ ತಿಕ್ಕಿದೆ. ಹೋಗ್ತಾನೇ ಇಲ್ಲ.”

ಅವಳನ್ನೂ ಬಟ್ಟೆಯನ್ನೂ ಆಫೀಸಿಗೆ ಕರೆತಂದೆ. ನಮ್ಮ ಹಿರಿಯ ವಕೀಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಅಮ್ಮಾ, ಸಾಕ್ಷ್ಯವನ್ನ ಒಗೆದುಬಿಟ್ರಾ?”

“ಒಗೆದೆ. ಹೋಗಿದೆಯಾ ನೀವೇ ನೋಡಿ ಮೇಡಂ.”

ವಕೀಲೆ ಮೊದಲು ನಕ್ಕರು. ಆಮೇಲೆ ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ನೀಲಿ, ತುಕ್ಕು, ಹೆಸರಿಡಲಾಗದ ಒಂದು ಹಸಿರು. ಮೂರು ಕುದಿತಕ್ಕೂ ಬಿಡದ ಈ ಬಣ್ಣದ ಮೇಲೆ ಮಲಗುವುದು ಹುಟ್ಟಿ ಎರಡು ದಿನವಾದ ಮೈ. ನಡೆದದ್ದನ್ನು ಒಂದಕ್ಷರ ಮುಚ್ಚಿಡದೆ ಪ್ರಮಾಣಪತ್ರದಲ್ಲಿ ಬರೆದು ಮತ್ತೆ ಸಲ್ಲಿಸಿದೆವು.

ನಿಮ್ಮ ಎರಡನೇ ಟಿಪ್ಪಣಿ ಮೊದಲನೆಯದಕ್ಕಿಂತ ಚಿಕ್ಕದು: “ಅನುಬಂಧಗಳನ್ನು ತೊಳೆದಿರುವುದರಿಂದ ಪರಿಗಣಿಸಲಾಗದು.” ಹಾಗಾದರೆ ತಮ್ಮ ಘನ ಕಚೇರಿಗೆ ಬೇಕಾದದ್ದು ಎಂಥ ಕೊಳಕು? ಕಣ್ಣಿಗೆ ಬೀಳದ, ಕೈಗೆ ಹತ್ತದ, ಕಡತದಲ್ಲಿ ಹಾಳೆಯ ಹಾಗೆ ಬೆಳ್ಳಗೆ ಕೂರುವ ಕೊಳಕೇ? ಕಾರ್ಖಾನೆಗೆ ಅನ್ವಯಿಸಿದ್ದರೆ ಊರೇ ಉದ್ಧಾರವಾಗುತ್ತಿದ್ದ ಶಿಸ್ತನ್ನು ಒಬ್ಬ ಹೆಂಗಸಿನ ಚಿಂದಿಯ ಮೇಲೆ ಯಾಕೆ ಖರ್ಚು ಮಾಡಿದಿರಿ?

ನಮ್ಮ ಬೇಡಿಕೆ ದೊಡ್ಡದಲ್ಲ. ಆ ತುಂಡುಗಳನ್ನು ಇದ್ದ ಹಾಗೆಯೇ ದಾಖಲೆಗೆ ತೆಗೆದುಕೊಳ್ಳಿ. ನಂಬಿಕೆ ಬಾರದಿದ್ದರೆ, ಯಾರಿಗೂ ಹೇಳದೆ, ಕೆಲಸದ ದಿನ, ನಿಮಗೆ ಒಪ್ಪಿಗೆಯಾದ ಯಾವುದಾದರೂ ಬಿಳಿ ಬಟ್ಟೆ ಹಿಡಿದುಕೊಂಡು ನೀವೇ ಹಳ್ಳಕ್ಕೆ ಬನ್ನಿ. ಇವೆರಡರಲ್ಲಿ ಒಂದಾದರೂ ಆಗುವ ತನಕ ನವೀಕರಣದ ಆದೇಶಕ್ಕೆ ಸಹಿ ಹಾಕಬೇಡಿ.

ಹದಿನೈದರಂದು ಚಿಕ್ಕಮ್ಮ ನಿಮ್ಮ ಸಭೆಗೆ ಬರುತ್ತಾಳೆ. “ನನಗೆ ಮಾತಾಡೋಕೆ ಬಿಡ್ತಾರೇನೋ?” ಎಂದು ನಿನ್ನೆ ಕೇಳಿದಳು. ಹದಿನೆಂಟು ವರ್ಷದ ಅನುಭವ ಇದ್ದೂ “ಬಿಡ್ತಾರೆ ಚಿಕ್ಕಮ್ಮ” ಎಂದುಬಿಟ್ಟೆ. ಅದು ಸುಳ್ಳಾಗದಂತೆ ನೋಡಿಕೊಳ್ಳುವ ಅಧಿಕಾರ ನಿಮ್ಮೊಬ್ಬರಿಗೇ ಇರುವುದು.

ಇಂತಿ,
ಕಾಯುವುದನ್ನೇ ಕಸುಬು ಮಾಡಿಕೊಂಡ
ಅರ್ಜಿದಾರಳ ಅಕ್ಕನ ಮಗ