ಗೋದಲಿ ಸುತ್ತುವ ರೈಲಿನ ಡ್ರೈವರಿಗೆ

ಪಂಗಾನಿ, ನೈರೋಬಿ
ಡಿಸೆಂಬರ್ ೨೮

ಮುನಿಸಿಕೊಂಡು ಕಸರಾನಿಯ ಮನೆಯಲ್ಲಿ ಕುಳಿತಿರುವ ದ್ವಾರಕಾನಾಥರೇ,

ನನ್ನ ಫೋನ್ ಎತ್ತುವುದಿಲ್ಲ ಎಂದು ನೀವು ಹಟ ಹಿಡಿದು ಒಂದು ವರ್ಷವಾಯಿತು. ಪತ್ರವನ್ನಾದರೂ ಓದುತ್ತೀರಿ, ಬಲ್ಲೆ. ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿದವರು, ಕೈಗೆ ಸಿಕ್ಕ ಕಾಗದವನ್ನು ಓದದೆ ಬಿಡುವವರಲ್ಲ.

ಮೊದಲು ಸಂತೋಷದ ಸುದ್ದಿ. ನಿಮ್ಮ ರೈಲು ಓಡುತ್ತಿದೆ! ನಮ್ಮ ಚರ್ಚಿನ ಸಭಾಂಗಣದಲ್ಲಿ, ಬಾಲಯೇಸುವಿನ ಕೊಟ್ಟಿಗೆಯಿರುವ ಕ್ರಿಸ್‌ಮಸ್ ಗೋದಲಿಯ ಸುತ್ತ, ಹದಿನಾಲ್ಕು ವರ್ಷ ನೀವು ಓಡಿಸಿದ ಅದೇ ಪುಟ್ಟ ಹಸಿರು ಎಂಜಿನ್. ಪ್ರತಿ ಮನೆಯವರೂ ತಮಗೆ ಬೇಕಾದ ಊರಿನ ಸ್ಟೇಷನ್ನನ್ನು ರಟ್ಟಿನಲ್ಲಿ ಮಾಡಿ ತರುವ ಪದ್ಧತಿ ನೀವೇ ಶುರು ಮಾಡಿದ್ದಲ್ಲವೇ? ಈ ಸಲ ಇಪ್ಪತ್ತಾರು ಸ್ಟೇಷನ್. ಇಲ್ಲಿನ ಎಂಬಕಸಿ ಬಿಟ್ಟರೆ ಊರಿನ ಬಂಟ್ವಾಳ, ಬಂಟ್ವಾಳ ಬಿಟ್ಟರೆ ನಿಮ್ಮ ಅರಸೀಕೆರೆ. ಭೂಗೋಳದ ಟೀಚರ್ ಆಗಿದ್ದ ನಾನು ಇದನ್ನು ನೋಡಿಯೂ ಬಾಯಿ ಮುಚ್ಚಿಕೊಂಡಿರುವುದೇ ಒಂದು ಪವಾಡ.

ಕಳೆದ ವರ್ಷ ಮಾತ್ರ ಮುಚ್ಚಿಕೊಳ್ಳಲಿಲ್ಲ. ನೀವು ಹೊಸ ಹಳಿ ಹಾಕಲು ಕೊಟ್ಟಿಗೆಯನ್ನು ಮೂಲೆಗೆ ಸರಿಸಿದಾಗ ಎಲ್ಲರೆದುರು, "ಇದು ಗೋದಲಿಯಾ, ರೈಲ್ವೆ ಯಾರ್ಡಾ ಮಾರಾಯ್ರೆ? ನಮ್ಮ ಹಬ್ಬ ನಿಮಗೆ ಹೇಗೆ ಅರ್ಥ ಆಗ್ಬೇಕು?" ಎಂದುಬಿಟ್ಟೆ. ನೀವು ಜಗಳಾಡಲಿಲ್ಲ. ಕಂಟ್ರೋಲ್ ಪೆಟ್ಟಿಗೆಯನ್ನು ನನ್ನ ಕೈಗಿತ್ತು, "ತಗೊಳ್ಳಿ ಟೀಚರ್, ಇನ್ಮೇಲೆ ನೀವೇ ಓಡ್ಸಿ" ಎಂದು ಹೊರಟುಹೋದಿರಿ. ಹಳಿಯ ಬಗ್ಗೆ ನಾನು ಹೇಳಿದ್ದು ಸರಿ, ಅದನ್ನು ಈಗಲೂ ಬಿಟ್ಟುಕೊಡುವುದಿಲ್ಲ. ಎರಡನೆಯ ಮಾತು ಮಾತ್ರ ಪಾಪದ್ದು. ಅದನ್ನು ನೆನೆದು ವರ್ಷವಿಡೀ ನಾಚಿದ್ದೇನೆ.

ಶಿಕ್ಷೆಯೂ ಆಯಿತು, ಕೇಳಿ. ಇಪ್ಪತ್ಮೂರರ ಸಂಜೆ ಎಂಜಿನ್ ಕಿರುಗುಟ್ಟತೊಡಗಿತು. ರೈಲಿನ ಜೊತೆ ನೀವು ಬಿಟ್ಟುಹೋದ ನೋಟ್‌ಬುಕ್ ತೆರೆದರೆ "ಎಣ್ಣೆ ಒಂದೇ ಹನಿ" ಎಂದಿತ್ತು. ನಮ್ಮ ಮನೆಯಲ್ಲಿ ಎಣ್ಣೆ ಎಂದರೆ ತೆಂಗಿನೆಣ್ಣೆ. ತಲೆಗೂ ಅದೇ, ಮೀನಿಗೂ ಅದೇ, ಬಾಗಿಲಿನ ತಿರುಗಣಿಗೂ ಅದೇ. ಧಾರಾಳವಾಗಿ ಬಿಟ್ಟೆ. ಬೆಳಗ್ಗೆ ನೋಡಿದರೆ ನೈರೋಬಿಯ ಚಳಿಗೆ ಎಣ್ಣೆ ಒಳಗೆಲ್ಲ ಹೆಪ್ಪುಗಟ್ಟಿ, ಎಂಜಿನ್ ಮಿಸುಕುತ್ತಿಲ್ಲ! ಪುಟ ತಿರುಗಿಸಿದೆ. "ಹೊಲಿಗೆ ಮಿಷನ್ನಿನ ಎಣ್ಣೆ ಮಾತ್ರ" ಎಂದು ನೀವು ಗೆರೆ ಎಳೆದು ಬರೆದಿದ್ದಿರಿ. ಪ್ರಶ್ನೆ ಪೂರ್ತಿ ಓದದ ಮಕ್ಕಳಿಗೆ ನಾನು ಎಷ್ಟು ಬೈದಿದ್ದೇನೋ! ಕೊನೆಗೆ ಸೊಸೆ ಲವೀನಾ ತನ್ನ ಹೇರ್ ಡ್ರೈಯರ್ ತಂದಳು. ಬಿಸಿಗಾಳಿ ಹಿಡಿದು, ಕರಗಿಸಿ, ಒರೆಸಿ, ಮಧ್ಯಾಹ್ನಕ್ಕೆ ಓಡಿಸಿದೆವು. ಸಭಾಂಗಣವೆಲ್ಲ ಎಣ್ಣೆಸ್ನಾನದ ವಾಸನೆ. ಅತ್ತೆ ಸೊಸೆ ಇಬ್ಬರೂ ನಕ್ಕು ನಕ್ಕು ನೆಲದ ಮೇಲೆ ಕುಳಿತುಬಿಟ್ಟೆವು. ಇದನ್ನು ನಿಮಗೆ ಆ ಕ್ಷಣವೇ ಹೇಳಬೇಕೆನಿಸಿ ಫೋನ್ ಮಾಡಿದೆ. ನೀವು ಎತ್ತಲಿಲ್ಲ. ಅಷ್ಟು ನಗುವಿನ ನಡುವೆಯೂ ಕಣ್ಣು ತುಂಬಿತು.

ಮೊಮ್ಮಗಳು ವನೆಸ್ಸಾಗೆ ನನ್ನ ಚಾಲನೆ ಸಾಲದು. ಕನ್ನಡದಲ್ಲಿ ಗದರಿಸಿದರೂ ಇಂಗ್ಲಿಷಿನಲ್ಲೇ ಉತ್ತರ. "ಯೂ ಆರ್ ಓಕೆ, ಅಜ್ಜಿ. ಬಟ್ ವೇರ್ ಈಸ್ ಡ್ರೈವರ್ ಅಂಕಲ್?" ಎಂದು ದಿನವೂ ಕೇಳುತ್ತಾಳೆ. ತಪ್ಪು ನನ್ನದೆಂದು ಅವಳಿಗೆ ಹೇಳಿದ್ದೇನೆ.

ಜನವರಿ ಆರರಂದು, ರಾಜರ ಹಬ್ಬಕ್ಕೆ, ಮೂವರು ರಾಜರ ಗೊಂಬೆಗಳು ರೈಲಿನಲ್ಲಿ ಬಂದು ಬಾಲಯೇಸುವಿನ ಮುಂದೆ ಇಳಿಯಬೇಕು. ಅದನ್ನು ನೋಡಲೆಂದೇ ಎಲ್ಲರೂ ಸೇರುತ್ತಾರೆ. ಈ ಸಲ ಅವರು ಹತ್ತಬೇಕಾದ ಸ್ಟೇಷನ್ನನ್ನು ನಾನೇ ಮಾಡಿದ್ದೇನೆ. ಬೋರ್ಡು ಸ್ವಲ್ಪ ಸೊಟ್ಟಗಿದೆ, ಹೆಸರು ಮಾತ್ರ ದಪ್ಪಕ್ಷರದಲ್ಲಿದೆ: ಕಸರಾನಿ. ಮೂವರೂ ಅಲ್ಲಿ ಉಡುಗೊರೆ ಹಿಡಿದು ನಿಂತಿದ್ದಾರೆ. ನೀವು ಬರದೆ ಅವರನ್ನು ರೈಲು ಹತ್ತಿಸುವುದಿಲ್ಲ ಎಂದು ಪಾದ್ರಿಗಳಿಗೂ ಹೇಳಿಬಿಟ್ಟಿದ್ದೇನೆ.

ತಪ್ಪಾಯಿತು, ದ್ವಾರಕಾನಾಥರೇ. ರಾಜರನ್ನು ಕರೆದುಕೊಂಡು ಬನ್ನಿ.

ದೇವರು ನಿಮ್ಮನ್ನು ನೂರು ವರ್ಷ ಗಟ್ಟಿಯಾಗಿಡಲಿ, ನಿಮ್ಮ ಮುನಿಸಿಗೆ ಮಾತ್ರ ಅಷ್ಟು ಆಯಸ್ಸು ಕೊಡದಿರಲಿ.

ನಿಮ್ಮ ದಾರಿ ಕಾಯುವ ಗೆಳತಿ,
ಸಲೋಮಿ ಟೀಚರ್